ಜೆ-1, ಎಚ್-1ಬಿ, ಬ್ರಿಟನ್, ಜರ್ಮನಿ: ನಿಮ್ಮ ವೀಸಾ ಯಾರ ಕೈಯಲ್ಲಿರಬೇಕು?

ಶಿವಮೊಗ್ಗದ ವೈದ್ಯಕೀಯ ಕಾಲೇಜುಗಳಾದ ಸಿಮ್ಸ್‌ನಲ್ಲೋ ಸುಬ್ಬಯ್ಯದಲ್ಲೋ ಎಂಬಿಬಿಎಸ್ ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಹಾಸ್ಟೆಲ್ ಕೋಣೆಗಳಲ್ಲಿ ಒಂದೇ ಚರ್ಚೆ: ಅಮೆರಿಕವೋ, ಬ್ರಿಟನ್ನೋ, ಜರ್ಮನಿಯೋ? ಯಾವ ಪರೀಕ್ಷೆ ಸುಲಭ, ಎಲ್ಲಿ ಸಂಬಳ ಜಾಸ್ತಿ ಎಂಬಲ್ಲಿಗೆ ಮಾತು ಮುಗಿಯುತ್ತದೆ. ವೀಸಾದ ವಿಷಯ ಏಳುವುದು ಸೀಟು ಸಿಕ್ಕ ಮೇಲೆ. ಅಷ್ಟು ಹೊತ್ತಿಗೆ ಅರ್ಧ ನಿರ್ಧಾರ ನಿಮ್ಮ ಕೈಮೀರಿರುತ್ತದೆ. ಅಮೆರಿಕದ ಉದ್ಯೋಗ ವೀಸಾ ಎಚ್-1ಬಿ ಬೇಕಿದ್ದರೆ ಒಂದು ಹೆಚ್ಚಿನ ಪರೀಕ್ಷೆಯನ್ನು ಮೊದಲೇ ಬರೆದಿರಬೇಕಿತ್ತು. ಅಲ್ಲಿನ ವಿನಿಮಯ ವೀಸಾ ಜೆ-1ಕ್ಕೆ ಸಹಿ ಹಾಕಿದರೆ ತರಬೇತಿಯ ನಂತರದ ಎರಡು ವರ್ಷ ಎಲ್ಲಿ ಕಳೆಯಬೇಕು ಎಂಬುದೂ ಅವತ್ತೇ ಇತ್ಯರ್ಥ. ಹಾಗಾಗಿ ಈ ಲೆಕ್ಕವನ್ನು ತರಬೇತಿ ಮುಗಿಯುವ ದಿನದಿಂದ ಹಿಂದಕ್ಕೆ ಹಾಕಬೇಕು.

ಅಳೆಯುವುದಕ್ಕೆ ಐದು ಪ್ರಶ್ನೆ ಸಾಕು. ವೀಸಾ ಕಾಗದ ಕೊಡುವವರು ಯಾರು: ಆಸ್ಪತ್ರೆಯೋ, ಕೇಂದ್ರೀಯ ಸಂಸ್ಥೆಯೋ? ಒಟ್ಟು ಎಷ್ಟು ವರ್ಷ ಸಿಗುತ್ತದೆ, ನಿಮ್ಮ ವಿಭಾಗಕ್ಕೆ ಅದು ಸಾಲುತ್ತದೆಯೇ? ತರಬೇತಿ ಮುಗಿದ ಮೇಲೆ ಅಲ್ಲೇ ಉಳಿಯಬಹುದೇ? ಗಂಡನೋ ಹೆಂಡತಿಯೋ ಜೊತೆಗೆ ಬಂದರೆ ಕೆಲಸ ಮಾಡಬಹುದೇ? ಕೊನೆಯದು ದುಡ್ಡು. ಎಷ್ಟು ಎಂಬುದರ ಜೊತೆಗೆ ಯಾವ ತಿಂಗಳು ಬೇಕು ಎಂಬುದೂ ಇಲ್ಲಿ ಮುಖ್ಯ. ಅಡಿಕೆ ಮನೆಯ ಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ಅಮೆರಿಕದ ಅರ್ಜಿ ಶುಲ್ಕ ಕಟ್ಟುವುದು ಸೆಪ್ಟೆಂಬರ್‌ನಲ್ಲಿ, ಮಂಡಿಯಿಂದ ದುಡ್ಡು ಕೈಸೇರುವುದು ಕೊಯ್ಲು, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿದ ಮೇಲೆ.

ಜೆ-1

ಅಮೆರಿಕದಲ್ಲಿ ವೈದ್ಯಕೀಯ ತರಬೇತಿಯ ಜೆ-1ಕ್ಕೆ ಇರುವುದು ಒಬ್ಬರೇ ಸ್ಪಾನ್ಸರ್: ಹೊರದೇಶದಲ್ಲಿ ಓದಿದ ವೈದ್ಯರಿಗೆ ಪ್ರಮಾಣಪತ್ರ ಕೊಡುವ ಇಸಿಎಫ್‌ಎಂಜಿ. ಈಗ ಅದು ಇಂಟೆಲ್ತ್ ಎಂಬ ಸಂಸ್ಥೆಯ ಭಾಗ. ಸಂಬಳ ಆಸ್ಪತ್ರೆಯದು, ವೀಸಾ ಕಾಗದ ಇವರದು. ಆಸ್ಪತ್ರೆಗೆ ವಕೀಲರ ಖರ್ಚು ಬೀಳದ ಕಾರಣ ಹೊರದೇಶದವರನ್ನು ತೆಗೆದುಕೊಳ್ಳುವ ಬಹುತೇಕ ಕಡೆ ಜೆ-1 ನಡೆಯುತ್ತದೆ. "ಜೆ-1 ಸ್ಪಾನ್ಸರ್ ಕೊಡಿಸ್ತೀವಿ, ಇಷ್ಟು ಲಕ್ಷ ಆಗುತ್ತೆ" ಎನ್ನುವ ಏಜೆಂಟರ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು. ಮಾರುವುದಕ್ಕೆ ಅವರ ಹತ್ತಿರ ಏನೂ ಇಲ್ಲ.

ಮ್ಯಾಚ್, ಅಂದರೆ ತರಬೇತಿ ಸೀಟು ಹಂಚಿಕೆಯ ಫಲಿತಾಂಶ ಮಾರ್ಚ್ ಮೂರನೇ ವಾರ, ಕೆಲಸಕ್ಕೆ ಸೇರುವುದು ಸಾಮಾನ್ಯವಾಗಿ ಜುಲೈ 1. ನಡುವಿನ ಮೂರೂವರೆ ತಿಂಗಳಲ್ಲಿ ಸರಪಳಿಯಂತೆ ಒಂದರ ಹಿಂದೆ ಒಂದು ಕೆಲಸ ಆಗಬೇಕು. ಆಸ್ಪತ್ರೆಯಿಂದ ಕರಾರು ಪತ್ರ. ಅದರ ಮೇಲೆ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯದಿಂದ 'ಸ್ಟೇಟ್‌ಮೆಂಟ್ ಆಫ್ ನೀಡ್', ಅಂದರೆ ಈ ವಿಭಾಗದ ತಜ್ಞರು ಭಾರತಕ್ಕೆ ಬೇಕಾಗಿದ್ದಾರೆ, ಇವರು ಕಲಿತು ವಾಪಸ್ ಬರುತ್ತಾರೆ ಎಂಬ ಪತ್ರ. ಅದಕ್ಕೆ ನೀವು ಹಿಂದಿರುಗುವ ಮಾತು ಕೊಟ್ಟು ಅಫಿಡವಿಟ್ ಮಾಡಿಸಬೇಕು. ಅದು ಬಂದ ಮೇಲೆ ಡಿಎಸ್-2019 ಎಂಬ ಫಾರಂ, ಆಮೇಲೆ 220 ಡಾಲರಿನ ಸೆವಿಸ್ (ವಿನಿಮಯ ವೀಸಾದವರ ದಾಖಲೆ ವ್ಯವಸ್ಥೆ) ಶುಲ್ಕ, ಆಮೇಲೆ ವೀಸಾ ಸ್ಲಾಟು. ಒಂದು ಕೊಂಡಿ ತಡವಾದರೆ ಮುಂದಿನದೆಲ್ಲ ತಡ. ಹೆಚ್ಚು ಜನ ಸಿಕ್ಕಿಕೊಳ್ಳುವುದು ಸ್ಟೇಟ್‌ಮೆಂಟ್ ಆಫ್ ನೀಡ್‌ನಲ್ಲಿ. ಕಾರಣ ತೀರಾ ಚಿಲ್ಲರೆ: ಕರಾರಿನಲ್ಲಿರುವ ವಿಭಾಗದ ಹೆಸರು ಒಂದು, ಅರ್ಜಿಯಲ್ಲಿ ಬರೆದದ್ದು ಇನ್ನೊಂದು. 'ಇಂಟರ್ನಲ್ ಮೆಡಿಸಿನ್' ಎಂದು ಕರಾರಿನಲ್ಲಿದ್ದರೆ ಅರ್ಜಿಯಲ್ಲೂ ಅಕ್ಷರಶಃ ಅದೇ ಇರಲಿ, 'ಜನರಲ್ ಮೆಡಿಸಿನ್' ಬೇಡ. ಮುಂದೆ ಫೆಲೋಶಿಪ್‌ಗೆ, ಅಂದರೆ ಉಪವಿಭಾಗದ ತರಬೇತಿಗೆ ಹೋಗುವಾಗ ಆ ವಿಭಾಗಕ್ಕೆ ಹೊಸ ಪತ್ರ ಬೇಕು.

ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕನ್ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ಆಗ ಅಲ್ಲಿ ವೀಸಾ ಸೇವೆ ಆರಂಭವಾಗಿರಲಿಲ್ಲ. ನಮ್ಮ ಕಡೆಯವರು ಹಿಡಿಯುವ ದಾರಿ ಚೆನ್ನೈ ಅಥವಾ ಹೈದರಾಬಾದ್: ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ. 2025ರ ಜೂನ್‌ನಿಂದ ಜೆ ವೀಸಾ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕು. ಎಚ್-1ಬಿಗೂ ಇದು ಅದೇ ವರ್ಷದ ಡಿಸೆಂಬರ್‌ನಿಂದ ಬಂತು.

ಸಂದರ್ಶನದಲ್ಲಿ ತಪ್ಪದೆ ಬರುವ ಪ್ರಶ್ನೆ, ವಾಪಸ್ ಹೋಗಿ ಏನು ಮಾಡುತ್ತೀರಿ ಎಂಬುದು. ಜೆ-1 ವಲಸೆಗಾಗಿ ಇರುವ ವೀಸಾ ಅಲ್ಲ. ಹಿಂದಿರುಗುವ ಉದ್ದೇಶವನ್ನು ಅಧಿಕಾರಿಗೆ ಮನಗಾಣಿಸುವ ಹೊಣೆ ನಿಮ್ಮದು. "ದೇಶಸೇವೆ ಮಾಡುತ್ತೇನೆ" ಎಂದರೆ ಕೇಳಿದವರಿಗೇ ಆಕಳಿಕೆ ಬರುತ್ತದೆ. ಸಾಂಕ್ರಾಮಿಕ ರೋಗ ವಿಭಾಗಕ್ಕೆ ಹೋಗುವವರಾದರೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆ ಬಂತೆಂದರೆ ಮಲೆನಾಡಿನಲ್ಲಿ ಕಾಡುತ್ತಿದೆ, ಅದನ್ನು ನೋಡುವ ತಜ್ಞರು ಇಲ್ಲಿ ಬೇಕು ಎಂದು ಹೇಳಬಹುದು. ನಿಜವಾಗಿ ಆ ಮನಸ್ಸಿದ್ದರೆ ಮಾತ್ರ.

ಅವಧಿ ಗರಿಷ್ಠ 7 ವರ್ಷ, ಪ್ರತಿ ವರ್ಷ ನವೀಕರಣ. ಮೆಡಿಸಿನ್ 3, ಹೃದ್ರೋಗ 3, ಇಂಟರ್ವೆನ್ಷನಲ್ 1: ಸರಿಯಾಗಿ ಏಳಕ್ಕೆ ಏಳು. ವಿಭಾಗ ಬದಲಿಸಬೇಕೆಂದರೆ ಒಂದೇ ಸಲ, ಅದೂ ಮೊದಲ ಎರಡು ವರ್ಷದೊಳಗೆ. ಹೊರಗೆ ಹೆಚ್ಚುವರಿ ಡ್ಯೂಟಿ ಮಾಡಿ ದುಡಿಯುವಂತಿಲ್ಲ. ಸಂಗಾತಿಗೆ ಜೆ-2 ಸಿಗುತ್ತದೆ, ಅದರ ಮೇಲೆ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು. ಸಂಗಾತಿ ಸಾಫ್ಟ್‌ವೇರ್‌ನಲ್ಲಿದ್ದರೆ ಇದೊಂದೇ ಕಾರಣಕ್ಕೆ ಜೆ-1 ಮೇಲುಗೈ ಆಗಬಹುದು.

ಇನ್ನು ಗಂಟಿನ ವಿಷಯ. ತರಬೇತಿ ಮುಗಿದ ಮೇಲೆ ಒಟ್ಟು ಎರಡು ವರ್ಷ ಭಾರತದಲ್ಲಿ ಕಳೆಯುವ ತನಕ ಎಚ್ ವೀಸಾವಾಗಲಿ ಗ್ರೀನ್ ಕಾರ್ಡ್ ಆಗಲಿ ಸಿಗುವುದಿಲ್ಲ. ಸರ್ಕಾರದಿಂದ ಆಕ್ಷೇಪವಿಲ್ಲ ಎಂಬ ಪತ್ರ ತಂದರೆ ಬಿಡುಗಡೆ ಎಂದು ಹಲವರು ನಂಬಿದ್ದಾರೆ. ಬೇರೆ ಕೆಲವು ಬಗೆಯ ಜೆ-1ಕ್ಕೆ ಅದು ನಡೆಯುತ್ತದೆ, ವೈದ್ಯಕೀಯ ತರಬೇತಿಗೆ ಹೋದವರಿಗೆ ಕಾನೂನಿನಲ್ಲೇ ಆ ದಾರಿ ಮುಚ್ಚಿದೆ. ಅವರು ಹೆಚ್ಚಾಗಿ ಹಿಡಿಯುವುದು ಕಾನ್ರಾಡ್ ಯೋಜನೆ: ವೈದ್ಯರ ಕೊರತೆ ಇರುವ ಪ್ರದೇಶದಲ್ಲಿ 3 ವರ್ಷ ಪೂರ್ಣಾವಧಿ ಸೇವೆ ಮಾಡಿದರೆ ಎರಡು ವರ್ಷದ ನಿಯಮಕ್ಕೆ ವಿನಾಯಿತಿ. ಒಂದು ರಾಜ್ಯಕ್ಕೆ ವರ್ಷಕ್ಕೆ 30 ಸ್ಥಾನ. ನಮ್ಮಲ್ಲಿ ಎಂಬಿಬಿಎಸ್ ಮುಗಿಸಿ ಹಳ್ಳಿ ಆಸ್ಪತ್ರೆಗೆ ಹೋಗುವ ಕಡ್ಡಾಯ ಸೇವೆಯ ಅಣ್ಣನಂತೆ ಇದು. ಕುಟುಂಬ ವೈದ್ಯರು, ಮೆಡಿಸಿನ್, ಮನೋರೋಗದವರಿಗೆ ಇಂಥ ಕೆಲಸ ಸಿಗುವುದು ಸಲೀಸು, ಕಿರಿದಾದ ಉಪವಿಭಾಗದವರಿಗೆ ಕಷ್ಟ. ಯೋಜನೆಗೆ ಅಮೆರಿಕದ ಸಂಸತ್ತು ಕಾಲಕಾಲಕ್ಕೆ ಮರು ಅನುಮೋದನೆ ಕೊಡಬೇಕು ಎಂಬುದೂ ನೆನಪಿರಲಿ.

ಎಚ್-1ಬಿ

ಇಲ್ಲಿ ಸ್ಪಾನ್ಸರ್ ಆಸ್ಪತ್ರೆಯೇ. ಎರಡು ವರ್ಷದ ಗಂಟು ಇಲ್ಲ, ಹಿಂದಿರುಗುವ ಉದ್ದೇಶವನ್ನು ಸಾಬೀತುಪಡಿಸಬೇಕಿಲ್ಲ, ತರಬೇತಿಯ ನಡುವೆಯೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಕೇಳುವುದಕ್ಕೆ ಜೆ-1ಕ್ಕಿಂತ ಎಲ್ಲ ರೀತಿಯಲ್ಲೂ ಉತ್ತಮ. ಅಡ್ಡಿಗಳು ಮೂರು.

ಮೊದಲನೆಯದು ಸ್ಟೆಪ್ 3, ಅಂದರೆ ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯ ಕೊನೆಯ ಹಂತ. ಜೆ-1ಕ್ಕೆ ಸ್ಟೆಪ್ 1, ಸ್ಟೆಪ್ 2 ಸಿಕೆ ಮತ್ತು ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆಯ ಮೇಲೆ ಸಿಗುವ ಇಸಿಎಫ್‌ಎಂಜಿ ಪ್ರಮಾಣಪತ್ರ ಸಾಕು. ಎಚ್-1ಬಿಗೆ ಸ್ಟೆಪ್ 3 ಪಾಸಾಗಿರಬೇಕು. ಎರಡು ದಿನದ ಈ ಪರೀಕ್ಷೆ ನಡೆಯುವುದು ಅಮೆರಿಕದಲ್ಲಿ ಮಾತ್ರ. ಅದಕ್ಕೆ ಸಂದರ್ಶಕ ವೀಸಾ ಬೇಕು, ಪರೀಕ್ಷೆಗೆ ಕೂರಲು ಮೊದಲು ಇಸಿಎಫ್‌ಎಂಜಿ ಪ್ರಮಾಣಪತ್ರ ಬೇಕು, ಆ ಪ್ರಮಾಣಪತ್ರಕ್ಕೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಂತಿಮ ಪದವಿ ಪತ್ರ ಬೇಕು. ಪ್ರೊವಿಷನಲ್ ನಂಬಿಕೊಂಡು ಕೂತವರ ವರ್ಷ ಜಾರುವುದು ಇಲ್ಲಿ. ಆಸ್ಪತ್ರೆಗಳು ರ‍್ಯಾಂಕ್ ಪಟ್ಟಿ ಕಟ್ಟುವ ಫೆಬ್ರವರಿಗೆ ಮೊದಲೇ ಸ್ಟೆಪ್ 3 ಫಲಿತಾಂಶ ನಿಮ್ಮ ಕೈಯಲ್ಲಿದ್ದರೆ ಮಾತ್ರ ಎಚ್-1ಬಿ ಮಾತಿಗೆ ಬೆಲೆ.

ಎರಡನೆಯದು ಲಾಟರಿ. ಎಚ್-1ಬಿಗೆ ವರ್ಷಕ್ಕೆ 85,000 ಎಂಬ ಮಿತಿ ಇದೆ, ಅದರೊಳಗೆ ಯಾರು ಎಂಬುದು ಲಾಟರಿಯಲ್ಲಿ ನಿರ್ಧಾರ. ವಿಶ್ವವಿದ್ಯಾಲಯಕ್ಕೆ ಸೇರಿದ ಅಥವಾ ಅದರೊಂದಿಗೆ ಒಪ್ಪಂದವಿರುವ ಲಾಭರಹಿತ ಆಸ್ಪತ್ರೆಗಳು ಮಿತಿಯ ಹೊರಗೆ. ಲಾಭಕ್ಕಾಗಿ ನಡೆಯುವ ಆಸ್ಪತ್ರೆ ಮಿತಿಯೊಳಗೆ ಬಂದರೆ ಕೆಲಸ ಶುರುವಾಗುವುದು ಅಕ್ಟೋಬರ್ 1ಕ್ಕೆ, ರೆಸಿಡೆನ್ಸಿ, ಅಂದರೆ ತಜ್ಞ ತರಬೇತಿ, ಶುರು ಜುಲೈ 1ಕ್ಕೆ. ಹೊಂದುವುದೇ ಇಲ್ಲ. ಮಿತಿಯ ಹೊರಗಿನ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ ಖಾಸಗಿ ವೈದ್ಯರ ಗುಂಪಿಗೆ ಸೇರುವಾಗ ಆ ಲಾಟರಿ ಮತ್ತೆ ಎದುರಾಗುತ್ತದೆ. ಕಾನ್ರಾಡ್ ವಿನಾಯಿತಿಯಲ್ಲಿ ಹೋದವರಿಗೆ ಈ ಲಾಟರಿ ಇಲ್ಲ. ಹಾಗಾಗಿ 'ಎಚ್-1ಬಿ ಅಂದರೆ ಸಲೀಸು' ಎಂಬ ಮಾತು ತರಬೇತಿಯ ನಂತರ ತಿರುಗಿ ನಿಲ್ಲುವುದೂ ಉಂಟು.

ಮೂರನೆಯದು ಹೊಸ ಬಂಡೆ. 2025ರ ಸೆಪ್ಟೆಂಬರ್ 21ರಿಂದ, ಅಮೆರಿಕದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಗೆ ಉದ್ಯೋಗದಾತರು 1,00,000 ಡಾಲರ್ ಕಟ್ಟಬೇಕು ಎಂಬ ಅಧ್ಯಕ್ಷರ ಆದೇಶ ಬಂತು. ಮೂಲ ಆದೇಶದ ಅವಧಿ 12 ತಿಂಗಳು. ರೆಸಿಡೆಂಟ್‌ಗೆ ವರ್ಷಕ್ಕೆ 60ರಿಂದ 70 ಸಾವಿರ ಡಾಲರ್ ಆಸುಪಾಸು ಕೊಡುವ ಆಸ್ಪತ್ರೆ, ಅವರನ್ನು ಕರೆತರಲು ಅದಕ್ಕಿಂತ ಹೆಚ್ಚು ಕಟ್ಟುವುದು ಅಪರೂಪದ ಮಾತು. ಈ ಶುಲ್ಕ ಜಾರಿಯಲ್ಲಿರುವಷ್ಟು ಕಾಲ ಶಿವಮೊಗ್ಗದಿಂದ ನೇರವಾಗಿ ಎಚ್-1ಬಿ ಮೇಲೆ ಹೋಗುವ ಆಸೆಯನ್ನು ಮುಖ್ಯ ಯೋಜನೆಯಾಗಿ ಇಟ್ಟುಕೊಳ್ಳಬೇಡಿ. ಬೇರೆ ವೀಸಾದ ಮೇಲೆ ಈಗಾಗಲೇ ಅಲ್ಲಿದ್ದು, ಅಲ್ಲೇ ಎಚ್-1ಬಿಗೆ ಬದಲಾಗುವವರಿಗೆ ಇದು ಅನ್ವಯಿಸುವುದಿಲ್ಲ ಎಂದು ಅಲ್ಲಿನ ವಲಸೆ ಇಲಾಖೆ ಸ್ಪಷ್ಟಪಡಿಸಿದೆ.

ಅವಧಿ 6 ವರ್ಷ. ಮೆಡಿಸಿನ್ ಮತ್ತು ಹೃದ್ರೋಗಕ್ಕೇ ಅದು ಖರ್ಚು. ಏಳನೇ ವರ್ಷ ಬೇಕಿದ್ದರೆ ಗ್ರೀನ್ ಕಾರ್ಡ್ ಅರ್ಜಿ ಅಷ್ಟರೊಳಗೆ ಒಂದು ಹಂತ ದಾಟಿರಬೇಕು. ಸಂಗಾತಿಯ ಎಚ್-4 ಮೇಲೂ ಆ ಹಂತ ದಾಟುವ ತನಕ ಕೆಲಸವಿಲ್ಲ. ಭಾರತದಲ್ಲಿ ಹುಟ್ಟಿದವರ ಗ್ರೀನ್ ಕಾರ್ಡ್ ಸರದಿಯ ಉದ್ದ ಗೊತ್ತಿರುವವರಿಗೆ ಬೇರೆ ಹೇಳಬೇಕಿಲ್ಲ. ಅರ್ಜಿಯ ಶುಲ್ಕ, ವಕೀಲರ ಖರ್ಚು ಉದ್ಯೋಗದಾತರದು. ನಿಮ್ಮಿಂದ ಕೇಳಿದರೆ ಅಲ್ಲಿ ಏನೋ ಎಡವಟ್ಟಿದೆ ಎಂದೇ ಅರ್ಥ.

ಎರಡು ದಾರಿಗೂ ಸಮಾನವಾದ ಖರ್ಚು ಇದು. ಸ್ಟೆಪ್ 1, ಸ್ಟೆಪ್ 2 ತಲಾ ಸಾವಿರ ಡಾಲರಿನ ಆಚೀಚೆ. ಅರ್ಜಿಗಳಿಗೆ 2025ರ ದರದಲ್ಲಿ ಒಂದು ವಿಭಾಗದ ಮೊದಲ 30 ಕಡೆಗೆ ತಲಾ 11 ಡಾಲರ್, ಆಮೇಲಿನವಕ್ಕೆ ತಲಾ 30. ನೂರಿಪ್ಪತ್ತು ಕಡೆ ಹಾಕಿದರೆ 330 ಮತ್ತು 2,700, ಒಟ್ಟು 3,030 ಡಾಲರ್. ಎಚ್-1ಬಿ ಮಾತ್ರ ಕೊಡುವ ಕಡೆ, ಅಥವಾ ವೀಸಾವನ್ನೇ ಕೊಡದ ಕಡೆ ಅರ್ಜಿ ಹಾಕಿ ಕಳೆದುಕೊಳ್ಳುವ ದುಡ್ಡು ಇದರಲ್ಲೇ ಇರುತ್ತದೆ. ಪಟ್ಟಿಯ ಪ್ರತಿ ಹೆಸರಿನ ಮುಂದೆ ವೀಸಾ ಯಾವುದು ಎಂದು ಅವರದೇ ಜಾಲತಾಣ ನೋಡಿ ಬರೆದುಕೊಂಡು, ಸಂಶಯವಿದ್ದರೆ ಆಗಸ್ಟ್‌ನಲ್ಲೇ ಕೋಆರ್ಡಿನೇಟರ್‌ಗೆ ಎರಡು ಸಾಲಿನ ಇಮೇಲ್ ಹಾಕಿ.

ಇಂಟರ್ವ್ಯೂಗಳು ಈಗ ಹೆಚ್ಚಾಗಿ ಆನ್‌ಲೈನ್, ಅಕ್ಟೋಬರ್‌ನಿಂದ ಜನವರಿ. ನ್ಯೂಯಾರ್ಕಿನ ಚಳಿಗಾಲದ ಬೆಳಿಗ್ಗೆ 8 ಎಂದರೆ ನಮಗೆ ಸಂಜೆ 6.30. ತೀರ್ಥಹಳ್ಳಿ, ಹೊಸನಗರದ ಒಳಹಳ್ಳಿಗಳಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಆ ವಾರಗಳಿಗೆ ಶಿವಮೊಗ್ಗದಲ್ಲಿ ಯುಪಿಎಸ್ ಇರುವ ಕೋಣೆ ಹಿಡಿಯುವುದು ದುಂದುಗಾರಿಕೆ ಅಲ್ಲ.

ಬ್ರಿಟನ್: ಒಂದು ಹೆಸರು, ಎರಡು ದಾರಿ

ಎಂಬಿಬಿಎಸ್ ಮೇಲೆ ಹೋಗುವವರದು ಪ್ಲಾಬ್ ದಾರಿ: ಹೊರದೇಶದ ವೈದ್ಯರಿಗೆ ಇರುವ ಅಲ್ಲಿನ ನೋಂದಣಿ ಪರೀಕ್ಷೆ. ಐಇಎಲ್‌ಟಿಎಸ್‌ನಲ್ಲಿ ಒಟ್ಟು 7.5, ಪ್ರತಿ ಭಾಗದಲ್ಲಿ 7, ಅಥವಾ ಒಇಟಿಯಲ್ಲಿ ಎಲ್ಲದರಲ್ಲೂ ಬಿ. ಪ್ಲಾಬ್ 1 ಭಾರತದಲ್ಲೇ: 180 ಪ್ರಶ್ನೆ, 3 ಗಂಟೆ. ಪ್ಲಾಬ್ 2ಕ್ಕೆ ಮ್ಯಾಂಚೆಸ್ಟರ್‌ಗೇ ಹೋಗಬೇಕು. ಶುಲ್ಕ ಮೊದಲನೆಯದಕ್ಕೆ ಮುನ್ನೂರು ಪೌಂಡಿನೊಳಗೆ, ಎರಡನೆಯದಕ್ಕೆ ಸಾವಿರದ ಹತ್ತಿರ. ಅಮೆರಿಕಕ್ಕೆ ಹೋಲಿಸಿದರೆ ಕಡಿಮೆ ಖರ್ಚು, ವೇಗವೂ ಹೆಚ್ಚು. ಕೆಲಸ ಸಿಕ್ಕರೆ ಹೆಲ್ತ್ ಅಂಡ್ ಕೇರ್ ವರ್ಕರ್ ವೀಸಾ: ಶುಲ್ಕ ಕಡಿಮೆ, ಆರೋಗ್ಯ ಸರ್‌ಚಾರ್ಜ್ ಮಾಫಿ, ಸಂಗಾತಿಗೆ ಕೆಲಸದ ಹಕ್ಕು. ಇಂಗ್ಲೆಂಡಿನ ತರಬೇತಿ ಸೀಟು ಸಿಕ್ಕವರಿಗೆ ಸ್ಪಾನ್ಸರ್ ಸರ್ಕಾರಿ ಆರೋಗ್ಯ ಸೇವೆಯ ಎನ್‌ಎಚ್‌ಎಸ್ ಇಂಗ್ಲೆಂಡ್. ಆರು ತಿಂಗಳಿಗೊಮ್ಮೆ ಆಸ್ಪತ್ರೆ ಬದಲಾದರೂ ವೀಸಾ ಬದಲಿಸಬೇಕಿಲ್ಲ.

ತೊಂದರೆ ಇರುವುದು 'ಕೆಲಸ ಸಿಕ್ಕರೆ' ಎಂಬಲ್ಲಿ. 2025ರ ಹೊತ್ತಿಗೆ ತಜ್ಞ ತರಬೇತಿಯ ಹತ್ತು ಸಾವಿರ ಚಿಲ್ಲರೆ ಸೀಟಿಗೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ನಿಂತಿದ್ದರು. ಆ ವರ್ಷದ ಜುಲೈಯಲ್ಲಿ ಬಂದ ಸರ್ಕಾರದ ಹತ್ತು ವರ್ಷದ ಆರೋಗ್ಯ ಯೋಜನೆ, ಅಲ್ಲೇ ಓದಿದವರಿಗೆ ಆದ್ಯತೆ ಎಂದು ಹೇಳಿತು. ಪ್ಲಾಬ್ 1 ಪಾಸಾಗಿ ಎರಡು ವರ್ಷದೊಳಗೆ ಪ್ಲಾಬ್ 2, ಅದಾಗಿ ಎರಡು ವರ್ಷದೊಳಗೆ ಅಲ್ಲಿನ ವೈದ್ಯಕೀಯ ಪರಿಷತ್ತಾದ ಜಿಎಂಸಿಯಲ್ಲಿ ನೋಂದಣಿ ಆಗಬೇಕು. ಕೆಲಸ ಸಿಗಲಿ ಬಿಡಲಿ, ಈ ಗಡಿಯಾರ ನಿಲ್ಲುವುದಿಲ್ಲ. ಐದು ವರ್ಷಕ್ಕೆ ಶಾಶ್ವತ ವಾಸ ಎಂಬ ನಿಯಮವನ್ನು ಹತ್ತಕ್ಕೆ ಏರಿಸುವ ಪ್ರಸ್ತಾಪವೂ 2025ರಲ್ಲೇ ಬಂತು. ಅಗ್ಗ ಎಂಬ ಒಂದೇ ಕಾರಣಕ್ಕೆ ಸಾಲ ಮಾಡಿ ಪ್ಲಾಬ್ ಹಿಡಿಯುವುದು ಈಗ ಜಾಣತನವಲ್ಲ.

ಎಂಡಿ, ಎಂಎಸ್, ಡಿಎನ್‌ಬಿ ಮುಗಿಸಿ ಊರಲ್ಲೇ ದುಡಿಯುತ್ತಿರುವವರಿಗೆ ಇನ್ನೊಂದು ದಾರಿ ಇದೆ: ಎಂಟಿಐ, ಅಂದರೆ ಮೆಡಿಕಲ್ ಟ್ರೈನಿಂಗ್ ಇನಿಷಿಯೇಟಿವ್. ಮಾತಾಡುವವರು ಕಡಿಮೆ, ಆದರೆ ವಾಪಸ್ ಬರುವ ಮನಸ್ಸಿರುವವರಿಗೆ ಇಡೀ ಪಟ್ಟಿಯಲ್ಲಿ ಇದೇ ಅತ್ಯಂತ ಹದವಾದದ್ದು. ಪ್ಲಾಬ್ ಬೇಕಿಲ್ಲ. ಇಂಗ್ಲಿಷ್ ಪರೀಕ್ಷೆ ಬೇಕು. ನಿಮ್ಮ ವಿಭಾಗದ ರಾಯಲ್ ಕಾಲೇಜು ಜಿಎಂಸಿ ನೋಂದಣಿಗೆ ಶಿಫಾರಸು ಮಾಡುತ್ತದೆ, ವೀಸಾಕ್ಕೆ ಸ್ಪಾನ್ಸರ್ ಆಗುವುದು ರಾಯಲ್ ಕಾಲೇಜುಗಳ ಒಕ್ಕೂಟವಾದ ಅಕಾಡೆಮಿ. ಗರಿಷ್ಠ 24 ತಿಂಗಳು. ಕಳೆದ ಐದು ವರ್ಷದಲ್ಲಿ ಮೂರು ವರ್ಷ, ಹಾಗೂ ಕಳೆದ ಹನ್ನೆರಡು ತಿಂಗಳು ರೋಗಿಗಳನ್ನು ನೋಡುವ ಕೆಲಸದಲ್ಲಿರಬೇಕು. ಆದ್ದರಿಂದ ಓದುವುದಕ್ಕೆಂದು ಕೆಲಸ ಬಿಟ್ಟು ಕೂರಬೇಡಿ. ಆರೋಗ್ಯ ಸರ್‌ಚಾರ್ಜ್ ಇಲ್ಲಿ ಮಾಫಿ ಇಲ್ಲ: ವರ್ಷಕ್ಕೆ ತಲೆಗೆ 1,035 ಪೌಂಡ್. ಗಂಡ, ಹೆಂಡತಿ ಇಬ್ಬರು ಎರಡು ವರ್ಷಕ್ಕೆ ಹೋದರೆ 4,140, ಅದೂ ಹೊರಡುವ ಮೊದಲೇ. ಈ ವೀಸಾದಿಂದ ಅಲ್ಲೇ ಬೇರೆ ಕೆಲಸದ ವೀಸಾಕ್ಕೆ ಜಿಗಿಯುವ ಲೆಕ್ಕ ಇಟ್ಟುಕೊಂಡವರಿಗೆ ಇದಲ್ಲ.

ಜರ್ಮನಿ

ಇಲ್ಲಿ ಸ್ಪಾನ್ಸರ್ ಎಂಬ ಮಾತೇ ಬಹುಮಟ್ಟಿಗೆ ಇಲ್ಲ. ಕಟ್ಟಬೇಕಾದ್ದು ದುಡ್ಡಿಗಿಂತ ಹೆಚ್ಚಾಗಿ ಭಾಷೆಯ ರೂಪದಲ್ಲಿ. ಜರ್ಮನ್ ಭಾಷೆಯ ಬಿ2 ಮಟ್ಟಕ್ಕೆ 45 ನಿಮಿಷದ ಸುಮಾರು 600ರಿಂದ 800 ಪಾಠ. ಅದಾದ ಮೇಲೆ ವೈದ್ಯಕೀಯ ಜರ್ಮನ್ ಪರೀಕ್ಷೆ, ಫಾಖ್‌ಶ್ಪ್ರಾಖ್‌ಪ್ರ್ಯೂಫುಂಗ್: ಇಪ್ಪತ್ತು ನಿಮಿಷ ರೋಗಿಯೊಡನೆ ಮಾತು, ಇಪ್ಪತ್ತು ನಿಮಿಷದಲ್ಲಿ ಆ ಕೇಸಿನ ಬರಹ, ಇಪ್ಪತ್ತು ನಿಮಿಷ ಹಿರಿಯ ವೈದ್ಯರಿಗೆ ವರದಿ. ವೈದ್ಯಕೀಯ ಜ್ಞಾನ ಅಲ್ಲಿ ಅಳತೆಗೆ ಬರುವುದಿಲ್ಲ. ನಮ್ಮವರು ಸೋಲುವುದು ಹೆಚ್ಚಾಗಿ ಬರಹದಲ್ಲಿ. ರೋಗಿ ಸಾಮಾನ್ಯ ಮಾತಿನಲ್ಲಿ ಹೇಳಿದ್ದನ್ನು ವೈದ್ಯರ ಭಾಷೆಗೆ ತಿರುಗಿಸಿ ಪೂರ್ಣ ವಾಕ್ಯದಲ್ಲಿ ಬರೆಯುವಷ್ಟರಲ್ಲಿ ಹೊತ್ತು ಮುಗಿದಿರುತ್ತದೆ. ವಾರ್ಡಿನಲ್ಲಿ ಕೇಸ್ ಶೀಟ್ ತುಂಬುವಾಗಲೇ ಅದನ್ನು ಜರ್ಮನ್‌ನಲ್ಲಿ ಇನ್ನೊಮ್ಮೆ ಬರೆಯುವ ಅಭ್ಯಾಸ ಮಾಡಿಕೊಂಡವರು ಪಾರಾಗುತ್ತಾರೆ.

ಪದವಿಗೆ ಪೂರ್ಣ ಮಾನ್ಯತೆ, ಅಪ್ರೊಬಾತ್ಸಿಯೋನ್, ಸಿಗುವುದು ಹೆಚ್ಚಿನವರಿಗೆ ಕೆಂಟ್ನಿಸ್‌ಪ್ರ್ಯೂಫುಂಗ್ ಎಂಬ ಜ್ಞಾನ ಪರೀಕ್ಷೆಯ ನಂತರ. ಅವಕಾಶ ಮೂರು. ಅಲ್ಲಿಯ ತನಕ ತಾತ್ಕಾಲಿಕ ಪರವಾನಗಿಯ ಮೇಲೆ ಗರಿಷ್ಠ ಎರಡು ವರ್ಷ ಕೆಲಸ ಮಾಡಬಹುದು. ಮಾನ್ಯತೆ ಕೊಡುವುದು ಆಯಾ ರಾಜ್ಯದ ಕಚೇರಿ, ವೇಗ ಒಂದೊಂದು ಕಡೆ ಒಂದೊಂದು ರೀತಿ. ಇಡೀ ದಾರಿಯಲ್ಲಿ ಅತಿ ಬೇಸರದ ಭಾಗ ಈ ಕಾಯುವಿಕೆ. ಮಾನ್ಯತೆ ಬಂದ ಮೇಲೆ ತಜ್ಞ ತರಬೇತಿ 5ರಿಂದ 6 ವರ್ಷ, ಆಸ್ಪತ್ರೆಯ ನೌಕರರಾಗಿಯೇ. ಆರಂಭದ ಸಂಬಳ ತೆರಿಗೆಗೆ ಮುಂಚೆ ತಿಂಗಳಿಗೆ 5,000 ಯೂರೋ ದಾಟುತ್ತದೆ. ಬ್ಲೂ ಕಾರ್ಡ್ ಎಂಬ ಉದ್ಯೋಗ ಪರವಾನಗಿ ಇದ್ದರೆ ಸಂಗಾತಿ ಮೊದಲ ದಿನದಿಂದ ಕೆಲಸ ಮಾಡಬಹುದು. ಬಿ1 ಮಟ್ಟದ ಭಾಷೆ ಇದ್ದವರಿಗೆ 21 ತಿಂಗಳಿಗೇ ಶಾಶ್ವತ ವಾಸ. ಹಿಂದಿರುಗುವ ಷರತ್ತು ಇಲ್ಲ, ಮ್ಯಾಚ್ ಇಲ್ಲ, ವರ್ಷಕ್ಕೊಂದೇ ಬಾಗಿಲು ತೆರೆಯುವ ಪದ್ಧತಿಯೂ ಇಲ್ಲ.

ಯಾರಿಗೆ ಯಾವುದು

ಮನೆಯಿಂದ ಹೆಚ್ಚು ದುಡ್ಡು ಹೊರಡದು, ಆದರೆ ಒಂದೂವರೆ ಎರಡು ವರ್ಷ ಊರಲ್ಲೇ ಕೂತು ಓದುವ ತಾಳ್ಮೆ ಇದೆ ಎಂದರೆ ಜರ್ಮನಿ. ಅಂಕ ಚೆನ್ನಾಗಿದೆ, ಉಪವಿಭಾಗದ ಆಸೆ ಇದೆ, ತರಬೇತಿಯ ನಂತರ ಮೂರು ವರ್ಷ ಅಮೆರಿಕದ ಸಣ್ಣ ಊರಿನಲ್ಲಿ ಇರಲು ಅಡ್ಡಿ ಇಲ್ಲ ಎಂದರೆ ಜೆ-1. ನಮ್ಮ ಸಾಗರ ತಾಲ್ಲೂಕಿನ ಕಡೆಯಿಂದ ಹೋದವರಿಗೆ ಸಣ್ಣ ಊರು ಹೊಸದೇನಲ್ಲ. ಮೊದಲೇ ಅಮೆರಿಕದಲ್ಲಿ ಬೇರೆ ವೀಸಾದ ಮೇಲಿದ್ದು ಸ್ಟೆಪ್ 3 ಮುಗಿಸಿದವರು ಎಚ್-1ಬಿ ಬಿಡಬಾರದು. ಸ್ನಾತಕೋತ್ತರ ಮುಗಿದಿದೆ, ಎರಡು ವರ್ಷ ದೊಡ್ಡ ವ್ಯವಸ್ಥೆ ನೋಡಿ ಬಂದು ಇಲ್ಲೇ ನೆಲೆಸುವವರಿಗೆ ಎಂಟಿಐ. ನೀಟ್ ಪಿಜಿಗೂ ಜೊತೆಯಲ್ಲೇ ಓದುತ್ತಿದ್ದರೆ ಅಮೆರಿಕದ ಪರೀಕ್ಷೆಗಳೊಂದಿಗೆ ಅದು ಅಷ್ಟಿಷ್ಟು ಹೊಂದುತ್ತದೆ, ಜರ್ಮನ್ ಭಾಷೆಯೊಂದಿಗೆ ಹೊಂದುವುದೇ ಇಲ್ಲ.

ಯಾವ ದಾರಿ ಹಿಡಿದರೂ ಮೊದಲು ಎದುರಾಗುವುದು ನಮ್ಮ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಎಚ್. ಎನ್. ಇಂಥವರು' ಎಂದಿರುತ್ತದೆ: ಎಚ್ ಊರು, ಎನ್ ಅಪ್ಪನ ಹೆಸರು. ಎಂಬಿಬಿಎಸ್ ಪದವಿಯಲ್ಲಿ ಇನಿಷಿಯಲ್ಲು ಹೆಸರಿನ ಹಿಂದೆ ಹೋಗಿರುತ್ತದೆ, ಪಾಸ್‌ಪೋರ್ಟಿನಲ್ಲಿ ವಿಸ್ತರಿಸಿ ಬರೆದಿರುತ್ತದೆ. ಪರೀಕ್ಷೆಯ ನೋಂದಣಿ, ಪಾಸ್‌ಪೋರ್ಟು, ಪದವಿ ಮೂರೂ ಒಂದನ್ನೊಂದು ಒಪ್ಪದಿದ್ದರೆ ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ತಡೆಯಬಹುದು. ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ ಬಿಟ್ಟವರಿಗೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಮುದ್ರಣವಾಗುತ್ತದೆ, ಅಂದರೆ ಹೆಸರು ಗೊತ್ತಿಲ್ಲ ಎಂದು. ಮುಂದೆ ಬ್ಯಾಂಕು, ಲೈಸೆನ್ಸು ಎಲ್ಲ ಕಡೆ ಆ ಮೂರಕ್ಷರ ಬೆನ್ನು ಹತ್ತುತ್ತದೆ. ಮೊದಲ ಪರೀಕ್ಷೆಗೆ ದುಡ್ಡು ಕಟ್ಟುವ ಮೊದಲೇ ಪಾಸ್‌ಪೋರ್ಟು ತಿದ್ದಿಸಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ಗುಡ್ ಸ್ಟ್ಯಾಂಡಿಂಗ್ ಪತ್ರವನ್ನು ಮಾತ್ರ ಅವಸರದಲ್ಲಿ ತರಿಸಬೇಡಿ: ಜಿಎಂಸಿಗೆ ಅದು ಮೂರು ತಿಂಗಳಿಗಿಂತ ಹಳೆಯದಾಗಿರಬಾರದು, ಬೇಗ ತರಿಸಿದರೆ ಮತ್ತೆ ಬೆಂಗಳೂರಿಗೆ ಹತ್ತಬೇಕಾಗುತ್ತದೆ.